ಅಲ್ಲಾಡಿಸದೆ ಬಿಟ್ಟ ಅಪ್‌ಡೇಟ್

ವೆಬ್‌ಪುಟಗಳು ಸರ್ವರ್‌ನಿಂದ ಮಾಹಿತಿ ತರಿಸಿಕೊಳ್ಳಲು ಬಳಸುವ ಒಂದು ಓಪನ್ ಸೋರ್ಸ್ ಲೈಬ್ರರಿಯನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಇದನ್ನು ಹೇಳಿಕೊಳ್ಳುವಾಗ ಎದೆ ಸ್ವಲ್ಪ ಉಬ್ಬುತ್ತಿತ್ತು, ದಬ್ಬೇಘಟ್ಟದ ಶಿವಣ್ಣನವರ ಮನೆಗೆ ಹೋಗುವವರೆಗೆ.

ಶಿವಣ್ಣನವರು ಕೊಬ್ಬರಿ ಮಾಡುವವರು. ಆರ್ಡರ್ ತೆಗೆದುಕೊಳ್ಳಲು ಅವರಿಗೊಂದು ವೆಬ್‌ಪುಟ ಮಾಡಿಕೊಟ್ಟಿದ್ದೆ, ಅದೂ ನಮ್ಮ ಲೈಬ್ರರಿ ಮೇಲೇ. ಅಂದು ಅವರ ಜಗಲಿಯಲ್ಲೇ ಕೂತು ಹೊಸ ಅಪ್‌ಡೇಟ್ ಬಿಡುಗಡೆ ಮಾಡಿದೆ. ‘ಸಣ್ಣಪುಟ್ಟ ರಿಪೇರಿ, ಯಾರಿಗೂ ತೊಂದರೆಯಿಲ್ಲ’ ಎಂದು ಬರೆದು, ಜಂಬಕ್ಕೆ ಅವರ ಪುಟಕ್ಕೇ ಮೊದಲು ಹಾಕಿದೆ. ಪುಟ ಪೂರ್ತಿ ಬೆಳ್ಳಗಾಯಿತು. ಸ್ವಲ್ಪ ಹೊತ್ತಿಗೆ ಶಿವಣ್ಣನವರಿಗೆ ಫೋನ್ ಬಂತು.

“ಗಿರಾಕಿ ಕಣಪ್ಪ. ಆರ್ಡರ್ ಹಾಕಕ್ಕಾಗ್ತಿಲ್ವಂತೆ.”

ನಾನು ಹಳೇದನ್ನು ವಾಪಸ್ ಹಾಕಲು ಒದ್ದಾಡುತ್ತಿದ್ದೆ. ಅವರು ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಒಣಗಿ ಲೊಟಲೊಟ ಅಂದರೆ ಸುಲಿಯೋಕೆ, ಇಲ್ಲದಿದ್ದರೆ ಇನ್ನಷ್ಟು ಒಣಗಲು ಮತ್ತೆ ಅಟ್ಟಕ್ಕೆ.

“ನೀವು ಬಿಡೋಕ್ ಮುಂಚೆ ಹಿಂಗೆ ಅಲ್ಲಾಡ್ಸಿ ನೋಡಲ್ವೇನಪ್ಪ?”

“ಸಣ್ಣ ರಿಪೇರಿ ಅಲ್ವಾ ಅಂತ...”

ಅವರ ಕಣ್ಣು ಕೈಯಲ್ಲಿದ್ದ ಕಾಯಿಯಿಂದ ನಿಧಾನವಾಗಿ ನನ್ನ ತಲೆಗೆ ಬಂತು. ಪುಟ ಸರಿಹೋಗುವವರೆಗೂ ನಾನು ತಲೆ ಅಲ್ಲಾಡಿಸದೆ ಕೂತಿದ್ದೆ. ಸದ್ದು ಬಂದರೂ ಕಷ್ಟ, ಬರದಿದ್ದರೂ ಕಷ್ಟ.