ಬಚ್ಚಲಿನ ಮೂಲೆಯ ಚೀಲ

ಆ ಬೆಳಿಗ್ಗೆಯೂ ಯಜಮಾನರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರು, ಮಗಳು ಕೋಣೆಯಲ್ಲಿ ಆನ್‌ಲೈನ್ ಕ್ಲಾಸಿಗೆ ಕೂತಳು. ಮಿಕ್ಕ ಗಂಜಿಯನ್ನು ಡಬ್ಬಿಗೆ ಹಾಕಿ, ಮಾಸ್ಕ್ ಹಾಕಿಕೊಂಡು, ನಾನು ಮೂರನೇ ಮಹಡಿಗೆ ಹತ್ತಿದೆ.

ಅಲ್ಲಿ ಕೊಲಂಬಿಯಾದ ಹುಡುಗಿಯೊಬ್ಬಳು ಐದು ದಿನದ ಬಾಣಂತಿ. ವಿಮಾನಗಳು ನಿಂತಿದ್ದರಿಂದ ಅವಳ ತಾಯಿಗೆ ನೆದರ್ಲೆಂಡ್ಸಿನ ಈ ಹೂಫ್‌ಡಾರ್ಪಿಗೆ ಬರಲಾಗಿರಲಿಲ್ಲ. ಆರೈಕೆಗೆ ಬರಬೇಕಾದ ಡಚ್ ನರ್ಸ್ ಕೊರೊನಾದಿಂದಾಗಿ ಮೂರು ದಿನಕ್ಕೇ ಬರುವುದನ್ನು ನಿಲ್ಲಿಸಿದ್ದಳು. ಉಳಿದವರು ಹುಡುಗಿಯದೇ ಸ್ಪ್ಯಾನಿಷ್ ಭಾಷೆಯ ಒಬ್ಬ ಆರೋಗ್ಯ ಕಾರ್ಯಕರ್ತೆ. ನನಗಿಂತ ಹಿರಿಯರು, ಬಸುರಿನ ದಿನಗಳಿಂದಲೂ ಸೈಕಲ್ಲಿನಲ್ಲಿ ಬಂದು ಅವಳನ್ನು ನೋಡಿಕೊಳ್ಳುತ್ತಿದ್ದರು.

ಹುಡುಗಿ ಮಗುವಿಗೆ ಹಾಲೂಡಿಸುತ್ತಲೇ ಕಣ್ಣು ಮುಚ್ಚಿದ್ದಳು. ತುಟಿ ಬಿಳಿಚಿತ್ತು, ನಿದ್ದೆಗೆಟ್ಟಿರಬೇಕು ಎಂದುಕೊಂಡೆ. ಬಚ್ಚಲಿನ ಮೂಲೆಯಲ್ಲಿ, ನೆನೆದ ಪ್ಯಾಡುಗಳ ಚೀಲವೊಂದು ಗೋಡೆಗೊರಗಿತ್ತು. ಅದರ ಬಾಯನ್ನು ಜತನದಿಂದ ಮಡಚಿಟ್ಟಿತ್ತು. ಅಂಥದ್ದು ಯಾರ ಕಣ್ಣಿಗೂ ಬೀಳಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಪೇಪರಿನಲ್ಲಿ ಸುತ್ತಿ, ಕೆಳಗಿಳಿದು, ರಸ್ತೆಬದಿಯ ನೆಲದಡಿಯ ಕಸದ ತೊಟ್ಟಿಗೆ ಹಾಕಿ ಬಂದೆ. ಬಚ್ಚಲನ್ನೂ ತಿಕ್ಕಿ ತೊಳೆದೆ.

ಕಾರ್ಯಕರ್ತೆ ಬಂದವರೇ ನೇರ ಬಚ್ಚಲಿಗೆ ಹೋದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ.

"ಚೀಲ ಎಲ್ಲಿ?"

"ಬಿಸಾಡಿದೆ. ಕ್ಲೀನ್ ಮಾಡಿದೆ."

"ಎಷ್ಟಿದ್ದವು? ಪೂರ್ತಿ ನೆನೆದಿದ್ದವಾ? ರಕ್ತದ ಗಡ್ಡೆ ಏನಾದರೂ?"

"ನೋಡಲಿಲ್ಲ," ಎಂದೆ. ಮುಖ ತಿರುಗಿಸಿಕೊಂಡೇ ಸುತ್ತಿದ್ದೆ.

"ನಾನೇ ಅವಳಿಗೆ ಎತ್ತಿಡು ಅಂದಿದ್ದೆ, ಸೆನ್ಯೋರಾ. ರಕ್ತ ಎಷ್ಟು ಹೋಗ್ತಿದೆ ಅಂತ ನನಗೆ ಗೊತ್ತಾಗೋದು ಅದರಿಂದಲೇ."

ಬೈಯಲಿಲ್ಲ. ಹುಡುಗಿಯ ಹೊದಿಕೆ ಸರಿಸಿದರು. ಆಗಷ್ಟೇ ಬದಲಿಸಿದ್ದ ಪ್ಯಾಡ್ ತೊಯ್ದು, ರಕ್ತ ಹಾಸಿಗೆಗೂ ಇಳಿದಿತ್ತು. ಹೊಟ್ಟೆ ಒತ್ತಿ, ನಾಡಿ ಹಿಡಿದು, ಸೂಲಗಿತ್ತಿಗೆ ಫೋನ್ ಮಾಡಿದರು. ಯಾವಾಗಿನಿಂದ ಹೀಗೆ ಎಂದು ಆ ಕಡೆಯಿಂದ ಕೇಳಿದಾಗ ಒಮ್ಮೆ ಹುಡುಗಿಯನ್ನೂ ಒಮ್ಮೆ ನನ್ನನ್ನೂ ನೋಡಿದರು.

"ಹೇಳೋಕಾಗಲ್ಲ. ಬೇಗ ಬನ್ನಿ."

ಸೂಲಗಿತ್ತಿ ಕರೆಸಿದ ಆಂಬ್ಯುಲೆನ್ಸಿನಲ್ಲಿ ಜೊತೆಗೆ ಒಬ್ಬರನ್ನಷ್ಟೇ ಬಿಡುತ್ತಿದ್ದರು. ಕೆಲಸದಿಂದ ಓಡಿಬಂದ ಅವಳ ಗಂಡ ಕೂಸನ್ನೆತ್ತಿಕೊಂಡು ಹತ್ತಿದ. ನಾನೂ ಕಾರ್ಯಕರ್ತೆಯೂ ಸೇರಿ ಹಾಸಿಗೆಯ ಬಟ್ಟೆ ತೆಗೆದೆವು. ಈ ಸಲ ನಾನು ಮುಖ ತಿರುಗಿಸಲಿಲ್ಲ.

ಸಂಜೆ ಕಾರ್ಯಕರ್ತೆಯ ಮೆಸೇಜ್ ಬಂತು. ಗರ್ಭದೊಳಗೆ ಮಾಸಿನ ಚೂರು ಉಳಿದಿತ್ತಂತೆ, ತೆಗೆದರಂತೆ. ರಕ್ತ ಕೊಡುತ್ತಿದ್ದಾರೆ. ಮಾತಾಡುತ್ತಿದ್ದಾಳೆ. ನಾನು ಕಾರಿಡಾರಿನಲ್ಲೇ ನಿಂತು ಅದನ್ನು ಎರಡು ಸಲ ಓದಿದೆ.

ಎದುರು ಮನೆಯ ಬೆಂಗಳೂರಿನ ಹುಡುಗಿ ವಾಕಿಂಗಿಗೆ ಹೊರಟವಳು ಬಾಗಿಲೆಳೆದುಕೊಂಡಳು.

"ಆಂಟಿ, ಬೆಳಿಗ್ಗೆ ಆಂಬ್ಯುಲೆನ್ಸ್ ಬಂದಿತ್ತಲ್ಲ, ಕೊರೊನಾ ತಾನೇ? ಲಿಫ್ಟ್ ಬಟನ್ ಯಾರಾದ್ರೂ ಒರೆಸಿದ್ರಾ?"