ಅಣ್ಣನ ಬೆಳಗಿನ ಚಿತ್ರದಲ್ಲಿ ನಾನು

ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಅಣ್ಣ ಓದಿದ್ದು ನಮ್ಮ ಮನೆಯಲ್ಲಿ ಓದಿಸಲು ಆಗುವಷ್ಟೂ. ಹಾಗಾಗಿ ಕೇಂದ್ರ ಸರ್ಕಾರದ ಕಚೇರಿಯ ಗುಮಾಸ್ತಿಕೆ ಅವನಿಗೆ ಸಿಕ್ಕಿತು, ಅವನಿಗೆ ಗಂಜಿ ಬೇಯಿಸುವ ಕೆಲಸ ನನಗೆ. ಉಡುಪಿ ಕಡೆಯಿಂದ ಮೊದಲು ಕೊಚ್ಚಿಗೆ ಹೋದೆವು. ಮಟ್ಟಾಂಚೇರಿಯಲ್ಲಿ, ಒಣಶುಂಠಿಯ ವಾಸನೆ ಬಿಡದೆ ಬೀಸುವ ಒಂದು ಉಗ್ರಾಣದ ಮೇಲಿನ ಕೋಣೆಯಲ್ಲಿ ಇದ್ದೆವು.

ಅಲ್ಲಿ ಮೊದಲ ದಿನವೇ ನನ್ನ ಮರ್ಯಾದೆ ಹೋಯಿತು. ಬಸಳೆಯ ಕಟ್ಟು ಮುಂದೆ ಇಟ್ಟು ತರಕಾರಿಯವನು, “ಎಡುಕ್ಕ್ ಮೋಳೇ, ಎಡುಕ್ಕ್” ಎಂದ. ತೆಗೆದುಕೋ ಮಗಳೇ ಎಂದು ಅರ್ಥ. ನನ್ನ ಕಿವಿಗೆ ಅದು ‘ಎಡಕ್ಕೆ’ ಎಂದು ಕೇಳಿತು. ನಾನು ವಿನಯದಿಂದ ಎಡಕ್ಕೆ ಸರಿದೆ. ಅವನು ಮತ್ತೆ ಹೇಳಿದ, ನಾನು ಮತ್ತೆ ಸರಿದೆ. ಕೊನೆಗೆ ಪಕ್ಕದ ಬಾಳೆಕಾಯಿಯವಳ ಬುಟ್ಟಿಯಲ್ಲಿ ಕಾಲಿಟ್ಟೆ. ಅಣ್ಣ ಈ ಕಥೆಯನ್ನು ತಿಂಗಳುಗಟ್ಟಲೆ ಹೇಳಿ ನಕ್ಕ. ಆದ್ದರಿಂದ ಒಂದು ಮಾತು ಮೊದಲೇ ತಿಳಿಸುತ್ತೇನೆ: ಮುಂದೆ ಅವನಿಗೆ ತಿರುವನಂತಪುರಕ್ಕೆ ವರ್ಗವಾಗಿ, ಅಲ್ಲಿನ ಪಟ್ಟಂ ಎಂಬಲ್ಲಿ ಮನೆ ಮಾಡುವ ಹೊತ್ತಿಗೆ, ಆ ಎರಡು ಶಬ್ದಗಳ ವ್ಯತ್ಯಾಸ ನನಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ.

ತಿರುವನಂತಪುರದಲ್ಲಿ ಅಣ್ಣನಿಗೆ ಕ್ಯಾಮರಾದ ಹುಚ್ಚು ಹಿಡಿಯಿತು. ಕ್ಯಾಮರಾ ಅವನದಲ್ಲ, ಅವನ ಮೇಲಧಿಕಾರಿಯದು. ಕರಿ ಡಬ್ಬಿಯಂಥದು. ಆ ಅಧಿಕಾರಿಗೆ ದೆಹಲಿಗೆ ವರ್ಗವಾಗಿತ್ತು. ಹೊರಡುವ ಮುಂಚೆ ಮನೆಯವರ ಚಿತ್ರಗಳನ್ನೆಲ್ಲ ತೆಗೆದು, ಫಿಲ್ಮಿನ ಸುರುಳಿಯಲ್ಲಿ ಒಂದೇ ಒಂದು ಚಿತ್ರ ಉಳಿದಾಗ, “ಅದೊಂದನ್ನು ನೀನು ತೆಗೆದುಕೋ, ನಾಳಿದ್ದು ಡಬ್ಬಿ ವಾಪಸು ಕೊಡು” ಎಂದು ಅಣ್ಣನ ಕೈಗೆ ಕೊಟ್ಟರು. ನಮ್ಮ ಕಡೆಯ ಒಂದು ವಾರಪತ್ರಿಕೆ ‘ಬೆಳಗು’ ಎಂಬ ವಿಷಯಕ್ಕೆ ಚಿತ್ರಸ್ಪರ್ಧೆ ಇಟ್ಟಿತ್ತು. ಮೀನುಗಾರರ ಹಳ್ಳಿಯ ಮೇಲೆ ಬೀಳುವ ಮೊದಲ ಬಿಸಿಲನ್ನು ಹಿಡಿಯುತ್ತೇನೆ ಎಂದು ಅಣ್ಣ ಇಡೀ ಕಚೇರಿಗೆ ಸಾರಿಬಿಟ್ಟಿದ್ದ.

“ಅಣ್ಣಾ, ಅದರಲ್ಲಿ ನಾನೂ ನಿಲ್ಲಲಾ?” ಎಂದು ಕೇಳಿದೆ.

“ನೀನು ನಡುವೆ ನಿಂತ್ರೆ ಹಳ್ಳಿ ಎಲ್ಲಿ ಕಾಣ್ತದೆ ಮಾರಾಯ್ತಿ?”

“ನನ್ನದು ಇಷ್ಟರವರೆಗೆ ಒಂದು ಚಿತ್ರವೂ ಇಲ್ಲ.”

“ಇಲ್ಲದ್ದಕ್ಕೆ ಎಂತ ತೊಂದರೆ ಆಗಿದೆ ಈಗ?”

ತೊಂದರೆ ಏನೂ ಆಗಿರಲಿಲ್ಲ. ಆದರೆ ಅದೇ ಸುರುಳಿಯಲ್ಲಿ ಅಧಿಕಾರಿಯ ನಾಯಿಗೂ ಒಂದು ಚಿತ್ರ ಸಿಕ್ಕಿತ್ತು. ಅದನ್ನು ಮಾತ್ರ ನನಗೆ ತಡೆದುಕೊಳ್ಳಲಾಗಲಿಲ್ಲ.

ಕತ್ತಲಿರುವಾಗಲೇ ಹೊರಟೆವು. ನಾನು ಮಲ್ಲಿಗೆ ಮುಡಿದಿದ್ದೆ. “ಮದುವೆಗಾ ಹೊರಟದ್ದು?” ಎಂದ ಅಣ್ಣ. ನಾನು ಕೇಳಿಸದವಳಂತೆ ಬುತ್ತಿಯ ಚೀಲ ಎತ್ತಿಕೊಂಡೆ.

ಕಡಲತೀರದಲ್ಲಿ ಅಣ್ಣ ಸೂರ್ಯನಿಗೆ ಬೆನ್ನು ಹಾಕಿ, ಸಮುದ್ರದ ಕಡೆ ಮುಖ ಮಾಡಿ ಕೂತ. “ಬೆಳಗಿನ ಚಿತ್ರದಲ್ಲಿ ಸೂರ್ಯನೇ ಇಲ್ಲವಾ?” ಎಂದೆ. “ಈ ಡಬ್ಬಿಗೆ ಬಿಸಿಲು ಬೆನ್ನ ಹಿಂದೆಯೇ ಇರಬೇಕು. ನಿನಗೆ ಅದೆಲ್ಲ ಗೊತ್ತಾಗ್ಲಿಕ್ಕಿಲ್ಲ” ಎಂದ. ಮಗುಚಿಟ್ಟ ಮೀನಿನ ಬುಟ್ಟಿಯ ಮೇಲೆ ಕ್ಯಾಮರಾ ಇಟ್ಟು, ಅದರ ಅಡಿಗೆ ಚಿಪ್ಪು ಕೊಟ್ಟು, ಕೂದಲೆಳೆಯಷ್ಟು ಆಚೆ ಈಚೆ ಸರಿಸಿದ. ಒಂದು ಬದಿಯಲ್ಲಿ ಗುಡಿಸಲುಗಳು, ನಡುವೆ ಮರದ ತೆಪ್ಪಗಳು, ಅವುಗಳ ಆಚೆ ಬಲೆ ಎಳೆಯುತ್ತಿರುವ ಜನ. ತೆಂಗಿನ ತಲೆಗಳ ಮೇಲಿಂದ ಬಿಸಿಲು ಇಳಿದು ತೆಪ್ಪಗಳನ್ನು ಮುಟ್ಟಿತು.

ಆಗ ಕಂಡದ್ದು ಒಂದು ಒದ್ದೆ ಪಂಚೆ. ಯಾರೋ ತೆಪ್ಪದ ಮೇಲೆ ಒಣಹಾಕಿದ್ದರು. ಅದು ಹಳ್ಳಿಗೆ ಬಾವುಟ ಹಾರಿಸಿದಂತೆ ಪಟಪಟನೆ ಬಡಿಯುತ್ತಿತ್ತು.

ಅಣ್ಣನಿಗೆ ಪ್ರಾಣ ಹೋದಂತಾಯಿತು. ಅದನ್ನು ತೆಗೆಯಲು ಓಡಬೇಕು, ಕ್ಯಾಮರಾ ಅಲುಗಬಾರದು, ಬಲೆಯೋ ದಡಕ್ಕೆ ಬರುತ್ತಾ ಇದೆ. ಹತ್ತಿರ ಕೂತು ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರನ್ನು ಕರೆದು, ಹರಕು ಮಲಯಾಳದಲ್ಲಿ ಬೇಡಿಕೊಂಡ: “ಅಪ್ಪೂಪ್ಪಾ, ಇದನ್ನು ಹಿಡಿದುಕೊಂಡಿರಿ. ನಾನು ಪಂಚೆ ತೆಗೆದು ಬದಿಗೆ ಸರಿದು ‘ಎಡುಕ್ಕ್’ ಎಂದು ಕೂಗಿದಾಗ ಈ ಗುಂಡಿ ಒತ್ತಿ.” ಅವರು ಬೀಡಿ ಬಿಸಾಡಿ, ಎಳೆ ಮಗುವನ್ನು ಹಿಡಿದಂತೆ ಎರಡೂ ಕೈಯಲ್ಲಿ ಡಬ್ಬಿಯನ್ನು ಹಿಡಿದರು.

ಅಣ್ಣ ಓಡಿದ. ನಾನೂ ಅವನ ಹಿಂದೆಯೇ ಓಡಿದೆ, ಸಹಾಯಕ್ಕೆಂದು. ತೆಪ್ಪಗಳ ನಡುವೆ ಒಂದು ಚಂದದ ಜಾಗ ಇತ್ತು. ಅಲ್ಲಿ ನಿಂತೆ. ಸೆರಗು ಸರಿಮಾಡಿಕೊಂಡೆ. ಅಣ್ಣ ಆಚೆ ಬಗ್ಗಿ ಪಂಚೆಯ ಗಂಟಿನೊಡನೆ ಗುದ್ದಾಡುತ್ತಿದ್ದ. ಗಂಟು ಇದ್ದದ್ದು ಅವನ ಎಡಗಡೆ, ಅದು ಸುಳ್ಳಲ್ಲ. ಆದರೆ ನಾನು ಅವನ ಕಡೆ ತಿರುಗಿ ಹೇಳಬಹುದಿತ್ತು. ಮೆತ್ತಗೆ ಹೇಳಿದರೂ ಸಾಕಿತ್ತು. ನಾನು ಕ್ಯಾಮರಾದ ಕಣ್ಣಿಗೆ ಕಣ್ಣು ಕೊಟ್ಟು, ಹಲ್ಲು ಎಷ್ಟು ಕಾಣಬೇಕೋ ಅಷ್ಟೇ ಕಾಣುವಂತೆ ನಕ್ಕು, ಗಂಟಲೆತ್ತಿ ಕೂಗಿದೆ:

“ಎಡಕ್ಕೆ, ಅಣ್ಣಾ! ಎಡಕ್ಕೆ!”

ಟಕ್ ಎಂದಿತು.

“ಎಡುತ್ತು ಸಾರೇ!” ಎಂದು ಮುದುಕರು ಹೆಮ್ಮೆಯಿಂದ ಕೂಗಿದರು. ತೆಗೆದಾಯಿತು!

ಅಣ್ಣ ಪಂಚೆ ಹಿಡಿದುಕೊಂಡೇ ಬಂದ. ಅವನು ಅಷ್ಟು ಕೂಗಾಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಸಿಟ್ಟಿನಲ್ಲಿ ಮಲಯಾಳ ಮರೆತುಹೋಗಿ ಕನ್ನಡದಲ್ಲೇ ಬೈದ. ಮುದುಕರಿಗೆ ಶಬ್ದ ತಿಳಿಯಲಿಲ್ಲ, ಬೈಗುಳ ತಿಳಿಯಿತು. “‘ಎಡುಕ್ಕ್’ ಎನ್ನು ಕೇಟ್ಟಲ್ಲೋ ಸಾರೇ” ಎಂದು, ತಮಗೆ ಹಾಗೆಯೇ ಕೇಳಿಸಿತಲ್ಲ ಎಂದು, ಮತ್ತೆ ಮತ್ತೆ ಹೇಳಿದರು. ಸುತ್ತ ಸೇರಿದ ಹೆಂಗಸರು ನಕ್ಕರು. ಅಜ್ಜನ ಕಿವಿ ಹೋಯಿತು ಎಂದು ಒಬ್ಬಳು ಹಾಸ್ಯ ಮಾಡಿದಳು. ಮುದುಕರು ತಮ್ಮ ಕಿವಿಯನ್ನೇ ಒಮ್ಮೆ ತಿಕ್ಕಿ ನೋಡಿಕೊಂಡರು. ನಾನು ಮರಳಲ್ಲಿ ಹೆಬ್ಬೆರಳು ಊರಿ ನಿಂತಿದ್ದೆ.

ಹೊರಡುವಾಗ ಅವರು ಎಲೆಯಲ್ಲಿ ಮೀನು ಕಟ್ಟಿ ತಂದರು, ತಪ್ಪಿಗೆ ಪರಿಹಾರವೆಂದು. ನಮ್ಮಲ್ಲಿ ಬೂತಾಯಿ ಎನ್ನುವುದಕ್ಕೆ ಅಲ್ಲಿ ಚಾಳ ಎನ್ನುತ್ತಾರೆ. ಅಣ್ಣ ಮುಖ ತಿರುಗಿಸಿದ. ನಾನು ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಸಾರು ಬಹಳ ಚೆನ್ನಾಗಿ ಬಂತು. ಅದನ್ನೂ ಬರೆಯಬೇಕಲ್ಲ.

ಸ್ಟುಡಿಯೋದಿಂದ ಚಿತ್ರ ಬಂದಾಗ ಅಣ್ಣ ಅದನ್ನು ಕಿಟಕಿಯ ಬಳಿ ಹಿಡಿದು ತುಂಬ ಹೊತ್ತು ನೋಡಿದ. ಬಲೆಯವರೆಲ್ಲ ಆಚೆ ತಿರುಗಿದ್ದರು. ಅಣ್ಣನದು ಬಗ್ಗಿದ ಹಿಂಭಾಗ ಮಾತ್ರ, ತೆಪ್ಪದಷ್ಟೇ ದೊಡ್ಡದಾಗಿ. ನಡುವೆ ನಾನು, ಮಲ್ಲಿಗೆ ಸಮೇತ.

“ನೀನೊಬ್ಬಳು ಎಂತಕ್ಕೆ ಇಷ್ಟು ಚಂದ ಬಂದದ್ದು?”

“ನನ್ನ ಮುಖ ಇರುವುದೇ ಹಾಗೆ.”

ಸ್ಪರ್ಧೆಗೆ ಕಳುಹಿಸಲು ಏನೂ ಉಳಿಯಲಿಲ್ಲ. ಕ್ಯಾಮರಾ ದೆಹಲಿಗೆ ಹೋಗಿಯಾಗಿತ್ತು. ಕಚೇರಿಯಲ್ಲಿ ಕೇಳಿದವರಿಗೆಲ್ಲ ಅಣ್ಣ “ಒಬ್ಬ ಕಿವುಡ ಮುದುಕ ಕೆಡಿಸಿದ” ಎಂದ. ಅಮ್ಮ ನನಗೆ ಗಂಡು ನೋಡುತ್ತಿದ್ದಳು, ಚಿತ್ರ ಕಳಿಸು ಎಂದಳು. ಅಣ್ಣನೇ ಕತ್ತರಿ ಹಿಡಿದು ತನ್ನ ಹಿಂಭಾಗವನ್ನು ನಾಜೂಕಾಗಿ ಕತ್ತರಿಸಿ, ಉಳಿದದ್ದನ್ನು ಅಂಚೆಗೆ ಹಾಕಿದ. ಹುಡುಗಿ ನೇರ ನೋಡುತ್ತಾಳೆ, ಕಳ್ಳತನ ಇಲ್ಲದ ಮುಖ ಎಂದು ಆ ಕಡೆಯವರು ಒಪ್ಪಿದರಂತೆ. ಅದೇ ಮನೆಗೆ ನಾನು ಸೊಸೆಯಾಗಿ ಬಂದೆ.

ಕಿವುಡ ಮುದುಕನ ಕಥೆಯನ್ನು ಅಣ್ಣ ನನ್ನ ಮದುವೆಯಲ್ಲಿ ಹೇಳಿದ. ನನ್ನ ಮಕ್ಕಳ ನಾಮಕರಣಗಳಲ್ಲಿ ಹೇಳಿದ. ಪ್ರತಿ ಸಲವೂ ಮುದುಕ ಇನ್ನಷ್ಟು ಕಿವುಡನಾಗುತ್ತಿದ್ದ, ಜನ ಇನ್ನಷ್ಟು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಚಿತ್ರ ಕೆಡಿಸಿದ್ದಕ್ಕಿಂತ ಆ ನಗು ನನ್ನನ್ನು ಹೆಚ್ಚು ಕುಟುಕುತ್ತಿತ್ತು.

ಈಚೆಗೆ, ಮೊಮ್ಮಗಳ ನಿಶ್ಚಯದ ದಿನ ಅಣ್ಣ ಮತ್ತೆ ಶುರುಮಾಡುವ ಹವಣಿಕೆಯಲ್ಲಿದ್ದಾಗ ಅವನನ್ನು ಹಿತ್ತಿಲಿಗೆ ಕರೆದು ಎಲ್ಲ ಹೇಳಿಬಿಟ್ಟೆ. ಅಣ್ಣ ನಗಲಿಲ್ಲ.

“ಹಾಗಾದ್ರೆ ಅವ್ರ ಕಿವಿ ಸರಿಯೇ ಇತ್ತು?”

“ಸರಿ ಇತ್ತು.”

“ಚಿತ್ರ ಹೋಗ್ಲಿ. ನನ್ನ ಬಾಯಿಂದ ಅವ್ರಿಗೆ ಎಂತೆಂತ ಬೈಸಿದ್ಯಲ್ಲ, ಕಳ್ಳಿ!”

ಒಳಗೆ ಹೋದಾಗ ಮಕ್ಕಳು ಆ ಕಥೆ ಹೇಳು ಎಂದು ಅಣ್ಣನನ್ನು ಕೇಳಿದರು. “ಇನ್ನು ಅದನ್ನು ಇವಳೇ ಹೇಳ್ಬೇಕು” ಎಂದು ಅಣ್ಣ ಗೋಡೆಗೊರಗಿ ಕಾಲು ಚಾಚಿ ಕೂತ. ಎಲ್ಲರೂ ನನ್ನ ಕಡೆ ತಿರುಗಿದರು.

“ಅಲ್ಲಿ ಒಬ್ಬ ಮುದುಕ ಇದ್ದ,” ಎಂದು ಶುರುಮಾಡಿದೆ.

“ಇದ್ರು,” ಎಂದ ಅಣ್ಣ.

“ಒಬ್ರು ಇದ್ರು,” ಎಂದೆ.