ಹರವಿಯ ತಣ್ಣೀರು

ತಮ್ಮನ ಗಾಜಿನ ಪೆಟ್ಟಿಗೆಯಲ್ಲಿ ಹೊಂಬಣ್ಣದ ಮೀನು ಪಕ್ಕಕ್ಕೆ ವಾಲಿ, ಬಾಯಿ ಮಾತ್ರ ಆಡಿಸುತ್ತ ತಳದಲ್ಲಿ ಬಿದ್ದಿತ್ತು. ನಾನು ಆಗಷ್ಟೇ ಮಣ್ಣಿನ ಹರವಿಯಿಂದ ಎರಡು ತಂಬಿಗೆ ತಣ್ಣೀರು ಸುರಿದಿದ್ದೆ.

ಎಪ್ಪತ್ತರ ದಶಕದ ವಿಜಾಪುರದ ಬೇಸಿಗೆ. ಬೆಳಿಗ್ಗೆ ಬಬಲೇಶ್ವರಕ್ಕೆ ಹೊರಟಾಗ ತಮ್ಮ ಹೇಳಿದ್ದ: “ಅಕ್ಕಾ, ಮೀನಿನ ಪೆಟಗ್ಯಾಗ ನೀರ ಕಡಿಮಿ ಆದ್ರ ಹರವಿ ನೀರ ಹಾಕಬ್ಯಾಡ ಬೇ. ಬ್ಯಾರೆ ನೀರ ಪೆಟಗಿ ಬಾಜೂಕ ಇಟ್ಟು, ಎರಡೂ ಒಂದ ಹದಕ್ಕ ಬಂದ ಮ್ಯಾಲ ಹಾಕು.”

“ನಿನ್ನ ಮೀನ ಏನ ಬಾಣಂತಿ ಏನ್ಲೇ?” ಎಂದು ನಕ್ಕಿದ್ದೆ. ಬಿಸಿಲಲ್ಲಿ ಮನೆಗೆ ಬಂದವರಿಗೆಲ್ಲ ಮೊದಲು ಹರವಿಯ ನೀರು ಕೊಡುವವರು ನಾವು. ಮೀನಿಗೂ ಹಿತವಾಗುತ್ತದೆ ಎಂದುಕೊಂಡೆ.

ಮಧ್ಯಾಹ್ನ ಬಂದ ತಮ್ಮ ನೀರಿಗೆ ಬೆರಳಿಟ್ಟು ಬೆಚ್ಚಿದ. “ಥಂಡಿ ಹೊಡದೈತಿ ಇದಕ್ಕ. ಯಾರ ಹಾಕ್ಯಾರ ನೀರ?”

“ನನಗೇನ ಗೊತ್ತಪಾ,” ಎಂದೆ. ಅವನು ನಂಬಿದ.

ಅಂಗಳದ ಕೊಡದ ಬೆಚ್ಚನೆಯ ನೀರನ್ನು ಸ್ವಲ್ಪ ಸ್ವಲ್ಪವೇ ಚಮಚದಿಂದ ಸೇರಿಸುತ್ತ ಸಂಜೆಯವರೆಗೂ ಕುಳಿತ. ನಾನು ಪಕ್ಕದಲ್ಲೇ ಕುಳಿತು ನೋಡುತ್ತಿದ್ದೆ. ಮೊದಲು ಬಾಲ ಅಲುಗಿತು. ಆಮೇಲೆ ರೆಕ್ಕೆ ಬಿಚ್ಚಿಕೊಂಡಿತು. ಮೀನು ನೆಟ್ಟಗಾಗಿ, ಏನೂ ಆಗದಂತೆ ಒಂದು ಸುತ್ತು ಈಜಿತು. ನನ್ನ ಕೈಗೆ ತಂಪೆನಿಸಿದ್ದು ಬೆರಳುದ್ದದ ಆ ಜೀವವನ್ನು ಕೆಡವಿತ್ತು. ಚಮಚದಷ್ಟು ಬೆಚ್ಚನೆಯ ನೀರು ಅದನ್ನೇ ಮೇಲೆತ್ತಿತ್ತು. ಅಂಥ ಸೋಜಿಗವನ್ನು ನಾನು ಮತ್ತೆ ಕಂಡಿಲ್ಲ.

“ಬದುಕಿತು ಬೇ ಅಕ್ಕಾ!” ಎಂದು ಅವನು ನನ್ನ ಕೈ ಹಿಡಿದು ಕುಣಿದ. ಅದೇ ಕೈ ನೀರು ಸುರಿದದ್ದು.

ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಬರೆದು ರೂಢಿಯಿಲ್ಲ. ಆದರೆ ಇದು ಅಚ್ಚಾಗುವ ಪತ್ರಿಕೆಯನ್ನು ನನ್ನ ತಮ್ಮ ದಿನಾಲೂ ಓದುತ್ತಾನೆ. ತಮ್ಮಾ, ಅವತ್ತು ನೀರು ಹಾಕಿದವಳು ನಾನೇ.